‘ಮೆಟ್ರಿಕ್ ಬ್ರಿಟಿಷ್’ ಎಂಬ ಅಳತೆ ಇಲ್ಲ

ಮಾನ್ಯ ಸಂಪಾದಕರೇ,

ನೈಸರ್ಗಿಕ ಅನಿಲದ ದರ ಬದಲಾದಾಗಲೆಲ್ಲ ನಮ್ಮ ಪತ್ರಿಕೆಗಳಲ್ಲಿ ಒಂದು ಸಾಲು ತಪ್ಪದೆ ಬರುತ್ತದೆ: ‘ಪ್ರತಿ ಮಿಲಿಯನ್ ಮೆಟ್ರಿಕ್ ಬ್ರಿಟಿಷ್ ಥರ್ಮಲ್ ಯೂನಿಟ್‌ಗೆ ಇಷ್ಟು ಡಾಲರ್’. ಇಂಗ್ಲಿಷ್ ಪತ್ರಿಕೆಗಳೂ ಹೀಗೇ ಬರೆಯುತ್ತವೆ, ಆದ್ದರಿಂದ ತಪ್ಪು ನಿಮ್ಮೊಬ್ಬರದೇ ಅಲ್ಲ. ಆದರೆ ಅಂಥ ಅಳತೆಯೇ ಇಲ್ಲ. ಆ ಸಾಲಿನ ಅಳತೆಯ ಚಿಕ್ಕ ರೂಪವಾದ ‘ಎಂಎಂಬಿಟಿಯು’ದಲ್ಲಿರುವ ಎರಡು ‘ಎಂ’ಗಳಲ್ಲಿ ಒಂದು ಮಿಲಿಯನ್, ಇನ್ನೊಂದು ಮೆಟ್ರಿಕ್ ಎಂದು ಯಾರೋ ಊಹಿಸಿದ್ದು ಹಾಗೇ ನಡೆದುಬಂದಿದೆ. ರೋಮನ್ ಅಂಕಿಯಲ್ಲಿ ‘ಎಂ’ ಎಂದರೆ ಸಾವಿರ. ಎರಡು ‘ಎಂ’ ಸೇರಿದರೆ ಸಾವಿರದ ಸಾವಿರ, ಅಂದರೆ 10 ಲಕ್ಷ. ಬಿಟಿಯು ಪೌಂಡು ಮತ್ತು ಫ್ಯಾರನ್‌ಹೀಟ್‌ಗಳಿಂದ ಹುಟ್ಟಿದ ಅಳತೆ: ಒಂದು ಪೌಂಡು ನೀರನ್ನು ಒಂದು ಡಿಗ್ರಿ ಫ್ಯಾರನ್‌ಹೀಟ್ ಬಿಸಿ ಮಾಡಲು ಬೇಕಾಗುವ ಶಾಖ. ಅದಕ್ಕೆ ಮೆಟ್ರಿಕ್ ಎಂದು ವಿಶೇಷಣ ಹಚ್ಚುವುದು ಸೇರಿನ ಲೆಕ್ಕವನ್ನು ‘ದಶಮಾಂಶ ಸೇರು’ ಎಂದು ಕರೆದ ಹಾಗೆ.

ಒಂದು ಪದದ ತಪ್ಪಿಗೆ ಇಷ್ಟು ಉದ್ದದ ಪತ್ರ ಯಾಕೆ ಎನ್ನಬಹುದು. ತಪ್ಪು ಪದದಲ್ಲೇ ನಿಲ್ಲುವುದಿಲ್ಲ. ಅಡುಗೆ ಅನಿಲ ಕಿಲೋದಲ್ಲಿ, ಪೈಪ್ ಗ್ಯಾಸ್ ಘನಮೀಟರ್‌ನಲ್ಲಿ, ಕರೆಂಟ್ ಯೂನಿಟ್‌ನಲ್ಲಿ, ಏಸಿ ಟನ್ನಿನಲ್ಲಿ, ಕಲ್ಲಿದ್ದಲು ಕಿಲೊಕ್ಯಾಲರಿಯಲ್ಲಿ, ಬಿಸ್ಕತ್ತಿನ ಪೊಟ್ಟಣ ಒಮ್ಮೆ ಕಿಲೊಕ್ಯಾಲರಿಯಲ್ಲಿ, ಒಮ್ಮೆ ಕಿಲೊಜೂಲ್‌ನಲ್ಲಿ. ಕೊನೆಗೆ ಎಲ್ಲದರಲ್ಲೂ ಲೆಕ್ಕ ಹಾಕುವುದು ಒಂದನ್ನೇ, ಶಾಖವನ್ನು. ‘ಗ್ಯಾಸ್ ಅಗ್ಗವೋ ಇಂಡಕ್ಷನ್ ಅಗ್ಗವೋ’ ಎಂಬ ಲೇಖನಗಳು ಒಂದಕ್ಕೊಂದು ತಾಳೆಯಾಗದಿರುವುದು ಈ ಪರಿವರ್ತನೆಯಲ್ಲಿ ಎಡವುವುದರಿಂದಲೇ.

ಶಾಖಕ್ಕೆ ಜೂಲ್ ಬಳಸಬೇಕೆಂದು ತೂಕ ಮತ್ತು ಅಳತೆಗಳ ಅಂತರರಾಷ್ಟ್ರೀಯ ಸಮ್ಮೇಳನ 1948ರಲ್ಲೇ ತೀರ್ಮಾನಿಸಿದೆ. ಶಾಸ್ತ್ರೀಯವಾಗಿ ಅದೇ ಸರಿ. ಆದರೆ ಮನೆಯವರಿಗೆ ಜೂಲ್‌ನ ಅಂದಾಜು ಇಲ್ಲ. ಕರೆಂಟ್ ಬಿಲ್ಲಿನ ಯೂನಿಟ್ ಪ್ರತಿ ತಿಂಗಳು ಕಣ್ಣಿಗೆ ಬೀಳುತ್ತದೆ, ಅದರ ಬೆಲೆಯೂ ಗೊತ್ತು. ಆದ್ದರಿಂದ ಎಲ್ಲ ಶಾಖವನ್ನೂ ಯೂನಿಟ್‌ಗೆ, ಅಂದರೆ ಕಿಲೊವ್ಯಾಟ್-ಅವರ್‌ಗೆ ತಂದು ಬರೆಯಿರಿ ಎಂಬುದು ನನ್ನ ಕೋರಿಕೆ. ನೆನಪಿಡಬೇಕಾದ ಅಂಕಿ ಒಂದೇ: 1 ಯೂನಿಟ್ ಅಂದರೆ 860 ಕಿಲೊಕ್ಯಾಲರಿ. ಬೇಕಾದವರಿಗೆ ಅದೇ 3.6 ಮೆಗಾಜೂಲ್, ಅದೇ 3,412 ಬಿಟಿಯು. ಒಂದು ಎಂಎಂಬಿಟಿಯು ಎಂದರೆ 293 ಯೂನಿಟ್, ಅಥವಾ 2.52 ಲಕ್ಷ ಕಿಲೊಕ್ಯಾಲರಿ.

860 ಎಲ್ಲಿಂದ ಬಂತು? ಒಂದು ಕಿಲೊಕ್ಯಾಲರಿ ಎಂದರೆ ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿ ಮಾಡುವ ಶಾಖ, 4.187 ಕಿಲೊಜೂಲ್. 3,600 ಕಿಲೊಜೂಲನ್ನು ಅದರಿಂದ ಭಾಗಿಸಿದರೆ 859.8. ರಸಾಯನಶಾಸ್ತ್ರದವರು 4.184 ಹಿಡಿಯುತ್ತಾರೆ, ಹಬೆಯ ಕೋಷ್ಟಕಗಳಲ್ಲಿ 4.1868 ಇರುತ್ತದೆ, ಶಾಲೆಯಲ್ಲಿ 4.2 ಸಾಕು. ಮೊದಲೆರಡರ ನಡುವಿನ ವ್ಯತ್ಯಾಸ ಸಾವಿರಕ್ಕೆ ಒಂದೂ ಇಲ್ಲ. ಅದರ ಬಗ್ಗೆ ಜಗಳವಾಡುವವರು ಇಂಧನದ ತೇವಾಂಶದಲ್ಲಿ ನೂರಕ್ಕೆ ಇಪ್ಪತ್ತು ತಪ್ಪಿದರೂ ಸುಮ್ಮನಿರುತ್ತಾರೆ.

ನೀರಿನಿಂದ ಶುರು ಮಾಡಿದರೆ ಲೆಕ್ಕ ಸುಲಭ. ಲೀಟರನ್ನು ಎಷ್ಟು ಡಿಗ್ರಿ ಏರಬೇಕೋ ಅದರಿಂದ ಗುಣಿಸಿ, 860ರಿಂದ ಭಾಗಿಸಿ. 25 ಲೀಟರಿನ ಗೀಸರ್ 22 ಡಿಗ್ರಿಯಿಂದ 55ಕ್ಕೆ ಕಾಯಬೇಕಾದರೆ 25 ಗುಣಿಸು 33, ಅಂದರೆ 825 ಕಿಲೊಕ್ಯಾಲರಿ, ಹತ್ತಿರ ಹತ್ತಿರ ಒಂದು ಯೂನಿಟ್. 2 ಕಿಲೊವ್ಯಾಟ್ ಕಾಯಿಲ್ ಇದ್ದರೆ ಅರ್ಧ ಗಂಟೆ. ಮಹಡಿಯ ಮೇಲಿನ 100 ಲೀಟರ್ ಸೋಲಾರ್ ಟ್ಯಾಂಕಿನ ನೀರು 35 ಡಿಗ್ರಿ ಏರಿದರೆ 3,500 ಕಿಲೊಕ್ಯಾಲರಿ, ಅಂದರೆ 4 ಯೂನಿಟ್ ಉಳಿತಾಯ. ‘ತಿಂಗಳಿಗೆ 500 ಯೂನಿಟ್ ಉಳಿಸಿ’ ಎಂಬ ಜಾಹೀರಾತು 100 ಲೀಟರಿನ ಟ್ಯಾಂಕಿಗೆ ಬಂದರೆ ಎಲ್ಲೋ ತಪ್ಪಿದೆ ಎಂದು ಓದುಗರಿಗೆ ಆ ಕ್ಷಣವೇ ಹೊಳೆಯಬೇಕು. ಇಲ್ಲೊಂದು ಸಣ್ಣ ಮಾತು: ಬೆಂಗಳೂರಿನಲ್ಲಿ ನೀರು 100 ಡಿಗ್ರಿಗೆ ಕುದಿಯುವುದಿಲ್ಲ, ಸುಮಾರು 97ಕ್ಕೇ ಕುದಿಯುತ್ತದೆ. ಮಡಿಕೇರಿಯಲ್ಲಿ ಇನ್ನೊಂದು ಡಿಗ್ರಿ ಕಡಿಮೆ. 100 ಎಂದು ಹಿಡಿದು ಸ್ಟೋವ್ ಪರೀಕ್ಷೆ ಮಾಡುವವರ ಲೆಕ್ಕದಲ್ಲಿ ಅಷ್ಟು ಪಾಲು ಹಾಗೇ ತಪ್ಪುತ್ತದೆ. 90 ಡಿಗ್ರಿಗೆ ನಿಲ್ಲಿಸಿ ಅಳೆಯುವುದು ಒಳ್ಳೆಯದು.

ಈಗ ಸಿಲಿಂಡರ್‌ಗೆ ಬರೋಣ. ಎಲ್‌ಪಿಜಿಯ ನಿವ್ವಳ ಉಷ್ಣಮೌಲ್ಯ (ಉರಿದಾಗ ಒಲೆಗೆ ಸಿಗುವ ಶಾಖ; ‘ನಿವ್ವಳ’ ಏಕೆಂಬುದು ಮುಂದೆ ಬರುತ್ತದೆ) ಕೆಜಿಗೆ ಸುಮಾರು 10,900 ಕಿಲೊಕ್ಯಾಲರಿ, ಅಂದರೆ ಕೆಜಿಗೆ 12.7 ಯೂನಿಟ್. ಮನೆಯ 14.2 ಕೆಜಿ ಸಿಲಿಂಡರ್‌ನಲ್ಲಿ 180 ಯೂನಿಟ್, ಹೋಟೆಲಿನ 19 ಕೆಜಿಯದರಲ್ಲಿ 240, ಚಿಕ್ಕ 5 ಕೆಜಿಯದರಲ್ಲಿ 63. ಪ್ರೊಪೇನ್-ಬ್ಯೂಟೇನ್ ಮಿಶ್ರಣ ಆಗಾಗ ಬದಲಾಗುವುದರಿಂದ ದಶಾಂಶ ಬರೆದು ‘180.04’ ಎಂದರೆ ಅದು ನಿಖರತೆಯಲ್ಲ, ಬರೀ ಕ್ಯಾಲ್ಕುಲೇಟರ್‌ನ ಹಟ.

ಹೆಚ್ಚಿನ ಲೇಖನಗಳು ಇಲ್ಲೇ ನಿಲ್ಲುತ್ತವೆ: ‘ಸಿಲಿಂಡರ್‌ನಲ್ಲಿ 180 ಯೂನಿಟ್ ಇದೆ, ಅಷ್ಟು ಕರೆಂಟಿಗೆ ಇಷ್ಟು ರೂಪಾಯಿ, ಆದ್ದರಿಂದ ಗ್ಯಾಸೇ ಅಗ್ಗ’. ಪಾತ್ರೆಗೆ ಎಷ್ಟು ಸೇರಿತು ಎಂಬುದನ್ನು ಕೇಳುವುದೇ ಇಲ್ಲ. ಗ್ಯಾಸ್ ಒಲೆಗೆ ಭಾರತೀಯ ಮಾನಕ ಐಎಸ್ 4246 ಕೇಳುವ ಕನಿಷ್ಠ ದಕ್ಷತೆ ಶೇ 68. ಅದೂ ಪ್ರಯೋಗಾಲಯದಲ್ಲಿ, ಗೊತ್ತುಪಡಿಸಿದ ಪಾತ್ರೆ ಇಟ್ಟು ಅಳೆದಾಗ. ಮನೆಯಲ್ಲಿ ಜ್ವಾಲೆ ಪಾತ್ರೆಯ ಪಕ್ಕಕ್ಕೆ ಚಾಚಿ ಉರಿಯುವುದು, ಬರ್ನರ್ ತೂತು ಕಟ್ಟಿ ಹಳದಿ ಉರಿ ಬರುವುದು, ಚಿಕ್ಕ ಪಾತ್ರೆಗೆ ದೊಡ್ಡ ಬರ್ನರ್ ಹಚ್ಚುವುದು, ಇವೆಲ್ಲ ಸೇರಿ ಶೇ 60ಕ್ಕೆ ಇಳಿದರೂ ಅಚ್ಚರಿಯಿಲ್ಲ. ಇಂಡಕ್ಷನ್ ಒಲೆ ತಳ ಸರಿಯಾಗಿ ಕೂರುವ ಕಬ್ಬಿಣ ಅಥವಾ ಅಯಸ್ಕಾಂತ ಹಿಡಿಯುವ ಸ್ಟೀಲ್ ಪಾತ್ರೆಗೆ ಸುಮಾರು ಶೇ 85 ತಲುಪಿಸುತ್ತದೆ.

ಈ ಎರಡು ದಕ್ಷತೆ ಸೇರಿಸಿದರೆ 180ನ್ನು 0.68ರಿಂದ ಗುಣಿಸಿ 0.85ರಿಂದ ಭಾಗಿಸಬೇಕು: 144. ಅಂದರೆ ಒಂದು ತುಂಬು ಸಿಲಿಂಡರ್‌ನ ಅಡುಗೆಯನ್ನು ಇಂಡಕ್ಷನ್‌ನಲ್ಲಿ ಮಾಡಲು 144 ಯೂನಿಟ್ ಬೇಕು. ಒಲೆ ಶೇ 60ರಷ್ಟೇ ಕೆಲಸ ಮಾಡುತ್ತಿದ್ದರೆ 127 ಸಾಕು. ನಿಮ್ಮ ಓದುಗರಿಗೆ ಒಂದೇ ಸೂತ್ರ ಕೊಡುವುದಾದರೆ ಇದನ್ನು ಕೊಡಿ: ಸಿಲಿಂಡರ್ ಬೆಲೆಯನ್ನು 144ರಿಂದ ಭಾಗಿಸಿ. ಸಿಲಿಂಡರ್‌ಗೆ 900 ರೂಪಾಯಿ ಎಂದುಕೊಂಡರೆ 6 ರೂಪಾಯಿ 25 ಪೈಸೆ. ನೀವು ಕೊಡುವ ಯೂನಿಟ್ ದರ ಅದಕ್ಕಿಂತ ಕಡಿಮೆಯಿದ್ದರೆ ಇಂಡಕ್ಷನ್ ಅಗ್ಗ, ಹೆಚ್ಚಿದ್ದರೆ ಗ್ಯಾಸ್. ತಂತಿ ಕೆಂಪಾಗಿ ಉರಿಯುವ ಕಾಯಿಲ್ ಒಲೆಗೆ ಈ 144 ಹೊಂದುವುದಿಲ್ಲ, ಅದು ಇನ್ನೂ ಹೆಚ್ಚು ಯೂನಿಟ್ ತಿನ್ನುತ್ತದೆ.

ಕರ್ನಾಟಕದಲ್ಲಿ ಇದಕ್ಕೊಂದು ತೊಡಕಿದೆ, ಬೇರೆ ರಾಜ್ಯದ ಲೆಕ್ಕ ತಂದು ಅಂಟಿಸಿದರೆ ಸಿಗದ ತೊಡಕು. ತೀರ ಕಡಿಮೆ ಬಳಸುವ ಮನೆಗಳನ್ನು ಬಿಟ್ಟರೆ, ಗೃಹಜ್ಯೋತಿಯಲ್ಲಿ ಉಚಿತ ಯೂನಿಟ್ ನಿಗದಿಯಾಗಿರುವುದು 2022-23ರ ಸರಾಸರಿ ಬಳಕೆಯ ಮೇಲೆ ಶೇ 10 ಸೇರಿಸಿ. ಅದನ್ನು ದಾಟಿದಷ್ಟಕ್ಕೆ ಹಣ ಕಟ್ಟಬೇಕು, ತಿಂಗಳ ಬಳಕೆ 200 ದಾಟಿದರೆ ಇಡೀ ಬಿಲ್ ಕಟ್ಟಬೇಕು. ಸಿಲಿಂಡರ್ ಒಂದೂವರೆ ತಿಂಗಳು ಬರುವ ಮನೆ ಪೂರ್ತಿ ಇಂಡಕ್ಷನ್‌ಗೆ ಬಂದರೆ ತಿಂಗಳಿಗೆ 96 ಯೂನಿಟ್ ಹೆಚ್ಚಾಗುತ್ತದೆ. ಸರಾಸರಿ 90 ಇದ್ದ ಮನೆಗೆ 99 ಉಚಿತ. ಬಳಕೆ 186 ಆಗಿ 87 ಯೂನಿಟ್‌ಗೆ ದುಡ್ಡು. ಸರಾಸರಿ 110 ಇದ್ದ ಮನೆಯ ಬಳಕೆ 206 ಆಗುತ್ತದೆ. ಆರು ಯೂನಿಟ್‌ಗಾಗಿ ಇನ್ನೂರಾರಕ್ಕೂ ಬಿಲ್. ಅಂಥ ಮನೆಯವರು ಬೆಳಗಿನ ಕಾಫಿ, ಹಾಲು ಕಾಯಿಸುವುದನ್ನು ಮಾತ್ರ ಇಂಡಕ್ಷನ್‌ಗೆ ತಂದು, ಬೇಳೆ-ಅನ್ನವನ್ನು ಗ್ಯಾಸ್‌ನಲ್ಲೇ ಉಳಿಸಿಕೊಳ್ಳುವುದು ಲೆಕ್ಕಕ್ಕೆ ಸರಿ.

‘2,000 ವ್ಯಾಟ್‌ನ ಇಂಡಕ್ಷನ್ ಎರಡು ಯೂನಿಟ್ ಎಳೆಯುತ್ತದೆ’ ಎಂಬ ಸಾಲೂ ಪತ್ರಿಕೆಗಳಲ್ಲಿ ಬರುತ್ತದೆ. ಎಷ್ಟು ಹೊತ್ತಿಗೆ? ಕಿಲೊವ್ಯಾಟ್ ಎಂದರೆ ನಲ್ಲಿಯಿಂದ ನೀರು ಬೀಳುವ ವೇಗ, ಯೂನಿಟ್ ಎಂದರೆ ಕೊಡದಲ್ಲಿ ತುಂಬಿದ ನೀರು. ಒಂದು ಲೀಟರ್ ನೀರನ್ನು 25ರಿಂದ 97ಕ್ಕೆ ತರಲು ಬೇಕಾಗುವುದು 72 ಕಿಲೊಕ್ಯಾಲರಿ. ಶೇ 85 ದಕ್ಷತೆಯಲ್ಲಿ ಅದು 0.1 ಯೂನಿಟ್, 2,000 ವ್ಯಾಟ್‌ನಲ್ಲಿ ಮೂರು ನಿಮಿಷ. ಇದಕ್ಕಿಂತ ಕೆಟ್ಟದ್ದು ‘ಗಂಟೆಗೆ ಕಿಲೊವ್ಯಾಟ್’ ಎಂಬ ಅನುವಾದ. ಕಿಲೊವ್ಯಾಟ್-ಅವರ್‌ನಲ್ಲಿ ಗಂಟೆಯಿಂದ ಗುಣಿಸಲಾಗಿದೆ, ಭಾಗಿಸಿಲ್ಲ. ವ್ಯಾಟ್‌ನೊಳಗೇ ‘ಸೆಕೆಂಡಿಗೆ’ ಎಂಬುದು ಸೇರಿಕೊಂಡಿರುವುದರಿಂದ ಅದರ ಮುಂದೆ ಮತ್ತೆ ‘ಗಂಟೆಗೆ’ ಎಂದು ಹಾಕಿದರೆ ಅರ್ಥವೇ ಕೆಡುತ್ತದೆ.

ಏಸಿಯಲ್ಲಿ ಈ ತಪ್ಪು ತಿರುಗುಮುರುಗಾಗುತ್ತದೆ. ‘18,000 ಬಿಟಿಯು ಏಸಿ’ ಎಂದು ಬರೆದು ‘ಗಂಟೆಗೆ’ ಎಂಬುದನ್ನು ಬಿಡುತ್ತಾರೆ. ಇಲ್ಲಿ ಮಾತ್ರ ‘ಗಂಟೆಗೆ’ ಬೇಕೇ ಬೇಕು. 2,000 ಪೌಂಡಿನ ಅಮೆರಿಕನ್ ಟನ್ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಹೀರುವ ಶಾಖವೇ ಒಂದು ಟನ್ ತಂಪು. ಪೌಂಡಿಗೆ 144 ಬಿಟಿಯುನಂತೆ 2.88 ಲಕ್ಷ, 24ರಿಂದ ಭಾಗಿಸಿದರೆ ಗಂಟೆಗೆ 12,000 ಬಿಟಿಯು, ಅಂದರೆ 3.5 ಕಿಲೊವ್ಯಾಟ್. ಒಂದೂವರೆ ಟನ್ನಿನ ಏಸಿ ಕೋಣೆಯಿಂದ ಹೊರಹಾಕುವ ಶಾಖ 5.3 ಕಿಲೊವ್ಯಾಟ್. ಮೀಟರ್‌ನಿಂದ ಎಳೆಯುವುದು ಅದರ ಮೂರನೇ ಒಂದು ಪಾಲಿನ ಆಸುಪಾಸು. ಈ ಎರಡನ್ನು ಒಂದೇ ಎಂದು ಎಣಿಸಿ ಬಿಲ್ ಅಂದಾಜು ಬರೆದರೆ ಮೂರು ಪಟ್ಟು ಹೆಚ್ಚಾಗುತ್ತದೆ. ಹೊರದೇಶದ ಮಾದರಿಗಳ ದಕ್ಷತೆಯನ್ನು ವ್ಯಾಟಿಗೆ ಗಂಟೆಗೆ ಇಷ್ಟು ಬಿಟಿಯು ಎಂದು ಕೊಟ್ಟಿದ್ದರೆ 3.41ರಿಂದ ಭಾಗಿಸಿ ನೋಡಿ. ಅಲ್ಲಿಯ 12 ನಮ್ಮ ಲೆಕ್ಕದಲ್ಲಿ 3.5 ಆಗುತ್ತದೆ.

ಬೆಂಗಳೂರಿನಲ್ಲಿ ಪೈಪ್ ಗ್ಯಾಸ್ ಬಂದ ಬಡಾವಣೆಗಳವರು ‘ಸಿಲಿಂಡರ್‌ಗೆ ಎಷ್ಟು ಎಸ್‌ಸಿಎಂ ಸಮ’ ಎಂದು ಕೇಳುತ್ತಾರೆ. ಎಸ್‌ಸಿಎಂ ಎಂದರೆ 15 ಡಿಗ್ರಿ ಉಷ್ಣತೆ, ವಾತಾವರಣದ ಸಾಮಾನ್ಯ ಒತ್ತಡದಲ್ಲಿ ಅಳೆದ ಒಂದು ಘನಮೀಟರ್. ಇಲ್ಲಿ ತಪ್ಪುವುದು ಒಟ್ಟು ಮತ್ತು ನಿವ್ವಳ ಉಷ್ಣಮೌಲ್ಯಗಳ ನಡುವೆ. ಇಂಧನ ಉರಿದಾಗ ಹುಟ್ಟುವ ನೀರು ಹಬೆಯಾಗಿ ಹೊರಟುಹೋಗುತ್ತದೆ. ಆ ಹಬೆ ಮತ್ತೆ ನೀರಾದರೆ ಬಿಡುವ ಶಾಖವನ್ನೂ ಸೇರಿಸಿದರೆ ಒಟ್ಟು, ಬಿಟ್ಟರೆ ನಿವ್ವಳ. ಎಲ್‌ಪಿಜಿಯಲ್ಲಿ ಇವೆರಡರ ಅಂತರ ಸುಮಾರು ಶೇ 8, ನೈಸರ್ಗಿಕ ಅನಿಲದಲ್ಲಿ ಶೇ 10. ಅಡುಗೆಮನೆಯ ಒಲೆಯಲ್ಲಿ ಆ ಹಬೆ ಕಿಟಕಿಯಿಂದ ಆಚೆ ಹೋಗುತ್ತದೆ, ಆದ್ದರಿಂದ ನಿವ್ವಳವೇ ನಮಗೆ ಸಂಬಂಧಿಸಿದ್ದು. ಆದರೆ ಅನಿಲದ ಮಾರಾಟ ನಡೆಯುವುದು ಒಟ್ಟು ಮೌಲ್ಯದ ಮೇಲೆ. ಎಸ್‌ಸಿಎಂಗೆ ನಿವ್ವಳ 8,500 ಕಿಲೊಕ್ಯಾಲರಿ ಎಂದು ಹಿಡಿದರೆ ಒಂದು ಸಿಲಿಂಡರ್‌ಗೆ 18 ಎಸ್‌ಸಿಎಂ ಸಮ. ಸಿಲಿಂಡರ್‌ನ ನಿವ್ವಳವನ್ನು ಪೈಪ್ ಗ್ಯಾಸ್‌ನ ಒಟ್ಟು 9,400ರಿಂದ ಭಾಗಿಸಿದರೆ 16.5 ಬರುತ್ತದೆ. ಒಂದೂವರೆ ಘನಮೀಟರ್ ಎಲ್ಲೂ ಇಲ್ಲದೆ ಮಾಯ! ಎರಡೂ ಕಡೆ ಒಂದೇ ಬಗೆಯದನ್ನು ಬಳಸಿದರೆ ಈ ಸೋರಿಕೆ ಇರುವುದಿಲ್ಲ. ಅಂದಾಜಿಗೆ ಒಂದು ಎಸ್‌ಸಿಎಂ ಎಂದರೆ 10 ಯೂನಿಟ್ ಎಂದರೆ ಸಾಕು.

2023ರ ಏಪ್ರಿಲ್‌ನಲ್ಲಿ ಒಎನ್‌ಜಿಸಿ, ಆಯಿಲ್ ಇಂಡಿಯಾದ ಹಳೆಯ ಕ್ಷೇತ್ರಗಳ ಅನಿಲಕ್ಕೆ ಕಚ್ಚಾತೈಲ ದರದ ಶೇ 10 ಎಂಬ ಸೂತ್ರ ಬಂದಾಗ ಗರಿಷ್ಠ ಮಿತಿ ಎಂಎಂಬಿಟಿಯುಗೆ 6.5 ಡಾಲರ್ ಎಂದಿತ್ತು. ಎಸ್‌ಸಿಎಂಗೆ ಮೇಲಿನ ಒಟ್ಟು 9,400 ಕಿಲೊಕ್ಯಾಲರಿಯನ್ನೇ ಹಿಡಿದರೆ ಒಂದು ಎಂಎಂಬಿಟಿಯುಗೆ 26.8 ಎಸ್‌ಸಿಎಂ, ಅಂದರೆ ಎಸ್‌ಸಿಎಂಗೆ 24 ಸೆಂಟ್. ಇದು ಬಾವಿಯ ಬಾಯಿಯ ದರ. ಸಾಗಣೆ, ತೆರಿಗೆ, ವಿತರಕರ ಪಾಲು ಇದರಲ್ಲಿಲ್ಲ. ಹೀಗೆ ಬಿಡಿಸಿ ಬರೆದಿದ್ದರೆ ಮನೆಯ ಬಿಲ್ಲಿಗೂ ಆ ಸುದ್ದಿಗೂ ಇರುವ ನಂಟು ಓದುಗರಿಗೆ ಕಾಣುತ್ತಿತ್ತು.

ಸೌದೆಯ ವಿಷಯದಲ್ಲಿ ಒಟ್ಟು-ನಿವ್ವಳದ ತಕರಾರಿಗಿಂತ ತೇವಾಂಶದ್ದೇ ದೊಡ್ಡದು. ಪೂರ್ತಿ ಒಣಗಿದ ಕಟ್ಟಿಗೆಯಲ್ಲಿ ಕೆಜಿಗೆ ಸುಮಾರು 4,400 ಕಿಲೊಕ್ಯಾಲರಿ. ಅದರೊಳಗಿನ ಪ್ರತಿ ಕೆಜಿ ನೀರನ್ನು ಹಬೆ ಮಾಡಿ ಓಡಿಸಲು ಸುಮಾರು 600 ಖರ್ಚು. ಶೇ 15 ತೇವದ ಸೌದೆಯಲ್ಲಿ ಉಳಿಯುವುದು 3,650, ಶೇ 40 ತೇವದ ಹಸಿ ಸೌದೆಯಲ್ಲಿ 2,400. ಎರಡನ್ನೂ ತೂಕಕ್ಕೆ ಒಂದೇ ದರದಲ್ಲಿ ಕೊಂಡರೆ ಮೂರನೇ ಒಂದು ಭಾಗದಷ್ಟು ಹಣ ನೀರಿಗೆ ಹೋಯಿತು ಎಂದೇ ಲೆಕ್ಕ. ಮಲೆನಾಡಿನಲ್ಲಿ ಅಡಕೆ ಬೇಯಿಸುವವರು ಮಳೆಗಾಲಕ್ಕೆ ಮೊದಲೇ ಸೌದೆ ಒಟ್ಟಿ ಮುಚ್ಚಿಡುವುದಕ್ಕೆ ಇದಕ್ಕಿಂತ ಬೇರೆ ಸೂತ್ರ ಬೇಕಿಲ್ಲ. ಬಚ್ಚಲ ಹಂಡೆ ಒಲೆ ಶಾಖದ ಹತ್ತರಲ್ಲೊಂದು ಪಾಲನ್ನಷ್ಟೇ ನೀರಿಗೆ ಕೊಡುತ್ತದೆ ಎಂದುಕೊಂಡರೆ 20 ಲೀಟರಿನ ಒಂದು ಬಕೆಟ್ ನೀರು 20 ಡಿಗ್ರಿ ಏರಲು ಒಣ ಸೌದೆಯೇ ಒಂದು ಕೆಜಿಗಿಂತ ಹೆಚ್ಚು ಬೇಕು.

ರಾಯಚೂರಿನ ಶಾಖೋತ್ಪನ್ನ ವಿದ್ಯುತ್ ಕೇಂದ್ರದಲ್ಲಿ ‘ಇಷ್ಟೇ ದಿನಕ್ಕೆ ಕಲ್ಲಿದ್ದಲು’ ಎಂಬ ಸುದ್ದಿ ಪ್ರತಿ ಬೇಸಿಗೆಯಲ್ಲೂ ಬರುತ್ತದೆ. ಟನ್ ಬರೆಯುತ್ತಾರೆ, ಕಿಲೊಕ್ಯಾಲರಿ ಬರೆಯುವುದಿಲ್ಲ. ಒಂದು ಯೂನಿಟ್ ಕರೆಂಟಿಗೆ 2,500 ಕಿಲೊಕ್ಯಾಲರಿ ಬೇಕಾಗುವ 210 ಮೆಗಾವ್ಯಾಟ್ ಘಟಕ ತೆಗೆದುಕೊಳ್ಳಿ. 860ನ್ನು 2,500ರಿಂದ ಭಾಗಿಸಿದರೆ ಅದರ ದಕ್ಷತೆ ಶೇ 34. ಕೆಜಿಗೆ 3,600 ಕಿಲೊಕ್ಯಾಲರಿಯ ಕಲ್ಲಿದ್ದಲಾದರೆ ಯೂನಿಟ್‌ಗೆ 0.69 ಕೆಜಿ, ಪೂರ್ತಿ ಹೊರೆಯಲ್ಲಿ ದಿನಕ್ಕೆ 3,500 ಟನ್. 2012ರಿಂದ ನಮ್ಮ ಕಲ್ಲಿದ್ದಲಿನ ದರ್ಜೆಗಳು 300 ಕಿಲೊಕ್ಯಾಲರಿಯ ಮೆಟ್ಟಿಲುಗಳಲ್ಲಿವೆ. ಒಂದೇ ಮೆಟ್ಟಿಲು ಇಳಿದು 3,300ಕ್ಕೆ ಬಂದರೆ ಅದೇ ಕರೆಂಟಿಗೆ ದಿನಕ್ಕೆ 3,800 ಟನ್ ಬೇಕು. ಅಂಗಳದಲ್ಲಿ ರಾಶಿ ಅಷ್ಟೇ ಇದ್ದರೂ ದಿನಗಳ ಲೆಕ್ಕ ಕುಸಿಯುತ್ತದೆ. ಇದರ ಜತೆಗೆ ಗಣಿಯ ಕಡೆ ಬಿಲ್ ಆಗುವುದು 40 ಡಿಗ್ರಿ ಉಷ್ಣತೆ, ಶೇ 60 ಆರ್ದ್ರತೆಯಲ್ಲಿ ಸಮತೋಲನಕ್ಕೆ ತಂದ ಮಾದರಿಯ ಉಷ್ಣಮೌಲ್ಯದ ಮೇಲೆ, ಬಾಯ್ಲರ್‌ಗೆ ಬೀಳುವುದು ಮಳೆಯಲ್ಲಿ ನೆನೆದು ಬಂದ ಕಲ್ಲಿದ್ದಲು. ‘ಗುಣಮಟ್ಟ ಕಳಪೆ’ ಎಂದು ಒಂದು ಕಡೆಯವರು, ‘ಇಲ್ಲ’ ಎಂದು ಇನ್ನೊಂದು ಕಡೆಯವರು ಹೇಳಿಕೆ ಕೊಟ್ಟಾಗ ವರದಿಗಾರರು ಕೇಳಬೇಕಾದ ಮೊದಲ ಪ್ರಶ್ನೆ, ಯಾವ ಆಧಾರದ ಅಂಕಿ ಎಂಬುದು. ಇಬ್ಬರೂ ಸತ್ಯವನ್ನೇ ಹೇಳುತ್ತಿರಬಹುದು.

ಆರೋಗ್ಯ ಪುರವಣಿಯ ‘ಕ್ಯಾಲರಿ’ ಎಲ್ಲ ಕಡೆಯೂ ಕಿಲೊಕ್ಯಾಲರಿಯೇ. ಇದು ಹಳೆಯ ರೂಢಿ, ಯಾರಿಗೂ ನಷ್ಟವಿಲ್ಲ, ಬಿಟ್ಟುಬಿಡಬಹುದು. ಆಮದು ಪೊಟ್ಟಣದ ಕಿಲೊಜೂಲನ್ನು ಮಾತ್ರ 4.2ರಿಂದ ಭಾಗಿಸದೆ ಅಚ್ಚು ಹಾಕಬೇಡಿ. 2,000 ಕಿಲೊಜೂಲ್ ಎಂದರೆ 480 ಕಿಲೊಕ್ಯಾಲರಿಯಷ್ಟೇ. ದಿನಕ್ಕೆ 2,000 ಕಿಲೊಕ್ಯಾಲರಿ ಉಣ್ಣುವ ಮನುಷ್ಯ ಖರ್ಚು ಮಾಡುವುದು 2.3 ಯೂನಿಟ್, ಅಂದರೆ ದಿನವಿಡೀ ಉರಿಯುವ ಹಳೆಯ ಕಾಲದ 100 ವ್ಯಾಟ್ ಬಲ್ಬಿನಷ್ಟು.

ಮುಂದಿನ ಅನಿಲ ದರದ ಸುದ್ದಿಯಲ್ಲಿ ‘ಎಂಎಂಬಿಟಿಯುಗೆ (293 ಯೂನಿಟ್ ಶಾಖ)’ ಎಂದು ಆವರಣದಲ್ಲಿ ಹಾಕಿದರೂ ಸಾಕು. ‘ಮೆಟ್ರಿಕ್ ಬ್ರಿಟಿಷ್’ ಎಂಬುದನ್ನು ತೆಗೆದರೆ ಉಳಿಯುವ ಜಾಗದಲ್ಲೇ ಅದು ಹಿಡಿಸುತ್ತದೆ.

ಇತಿ,
ಇಂಧನ ಲೆಕ್ಕಪರಿಶೋಧಕ
ಹುಬ್ಬಳ್ಳಿ